ಹಾಲು ಕುಡಿದ ಬೋರ್ಡು

ಮಾರ್ಚ್ ೪, ಸೋಮವಾರ

ತಂಗೀ, ನಿನ್ನ ಮಗಳು ಬಂದಿದ್ದಾಳೆ.

ನೀನು ಇದನ್ನು ಓದುವುದಿಲ್ಲವೆಂದು ಗೊತ್ತು. ನೀನು ಹೋಗಿ ಆರು ವರ್ಷವಾಯಿತು. ಆದರೆ ವಾರಕ್ಕೊಂದು ಕಾಗದ ಬರೆದು ರೂಢಿಯಾದ ಕೈಗೆ ಸುಮ್ಮನಿರು ಎಂದರೆ ಕೇಳುತ್ತದೆಯೇ? ಈಗ ಕಾಗದದ ಬದಲು ಈ ದಿನಚರಿ. ಅಂಚೆಯವನಿಗೆ ಒಂದು ಕೆಲಸ ತಪ್ಪಿತು, ಅಷ್ಟೇ.

ಬೆಳಿಗ್ಗೆ ಅಂಗಡಿಯ ಶಟರ್ ಅರ್ಧ ಎತ್ತಿದ್ದೆ. ಹೊರಗೆ ಎರಡು ಪಾದ ಕಂಡವು, ಒಂದಕ್ಕೆ ಮಾತ್ರ ಚಪ್ಪಲಿ. ಪೂರ್ತಿ ಎತ್ತಿದರೆ ಇವಳು. ಎಡ ಭುಜದಿಂದ ಮೊಣಕೈವರೆಗೆ ಬ್ಯಾಂಡೇಜು, ಬಲಗಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಲ್ಯಾಪ್‌ಟಾಪು. ಟವೆಲಿನಿಂದ ಸೀದ ಹಾಲಿನ ವಾಸನೆ.

"ಏನೇ ಇದು?"

"ಹಾಲು, ದೊಡ್ಡಮ್ಮ."

"ಯಾವುದರ ಮೇಲೆ ಬಿತ್ತು?"

"ಮೊದಲು ನನ್ನ ಮೇಲೆ. ಮಿಕ್ಕಿದ್ದು ಇದರ ಮೇಲೆ."

ಮೇಲಿನ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದೆ. ಅಳಲಿಲ್ಲ. ಶಾಲೆಯಲ್ಲಿ ಪಾಠ ಮಾಡುವವಳಲ್ಲವೇ, ಒಂದೊಂದಾಗಿ ಒಪ್ಪಿಸಿದಳು. ಅಡುಗೆಮನೆಯ ಕಪಾಟಿನ ಮೇಲೆ ಲ್ಯಾಪ್‌ಟಾಪನ್ನು ಓರೆಯಾಗಿ ತೆರೆದಿಟ್ಟು, ಅದರ ಕ್ಯಾಮೆರಾದಲ್ಲಿ ಮೂರು ದಿನ ಗಂಡನ ಹೊಡೆತವನ್ನು ಹಿಡಿದಿಟ್ಟಿದ್ದಾಳೆ. ಶನಿವಾರ ಅದು ಅಳಿಯಂದಿರ ಕಣ್ಣಿಗೆ ಬಿದ್ದಿದೆ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತಂತೆ. ಐದು ವರ್ಷದ ಮಗುವನ್ನು ಒಳಗಿಟ್ಟುಕೊಂಡು ಇವಳನ್ನು ಹೊರಗೆ ನೂಕಿದ್ದಾರೆ. ಇವಳು ಮೊದಲೇ ಹಾಕಿದ್ದ ಕೇಸಿನಲ್ಲಿ, ಮಗು ಯಾರ ಹತ್ತಿರ ಇರಬೇಕೆಂದು ಇದೇ ಇಪ್ಪತ್ತೆರಡಕ್ಕೆ ಕೋರ್ಟು ಹೇಳುತ್ತದೆ. ಹುಚ್ಚಿ, ತಾನೇ ಸುಟ್ಟುಕೊಂಡಳು ಎಂದು ಅಳಿಯಂದಿರ ಕಡೆಯ ವಾದ. "ಬಾಯಿಮಾತು ಸಾಲಲ್ಲಮ್ಮ, ತೋರಿಸೋಕೆ ಏನಿದೆ?" ಎಂದಿದ್ದಾರೆ ಇವಳ ವಕೀಲರು.

ತೋರಿಸುವುದೆಲ್ಲ ಈ ಲ್ಯಾಪ್‌ಟಾಪಿನೊಳಗಿದೆ. ಹಳೆಯ ಕಾಲದ್ದಾಗಿದ್ದರೆ ಡಿಸ್ಕ್ ಕಳಚಿ ಬೇರೆಯದಕ್ಕೆ ಹಾಕಬಹುದಿತ್ತು. ಇದರಲ್ಲಿ ಫೈಲು ಕೂರುವ ಚಿಪ್‌ಗಳನ್ನು ಬೋರ್ಡಿಗೇ ಬೆಸೆದಿದ್ದಾರೆ. ಬೋರ್ಡು ಜೀವ ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಿಮ್ಮ ಭಾವನವರೂ ಮುಂಗೋಪಿಯೇ ಆಗಿದ್ದರು, ಮನಸ್ಸು ಮಾತ್ರ ಬೆಣ್ಣೆ. ಅಳಿಯಂದಿರಿಗೂ ಸಿಟ್ಟಿನಲ್ಲಿ ಕೈ ಮೀರಿರಬೇಕು. ಇವಳಿಗೆ ಹಾಗೆಂದೆ. ಅವಳು ಗೋಡೆ ನೋಡಿದಳು.

ಮಾರ್ಚ್ ೬, ಬುಧವಾರ

ಇಂದು ಬಿಚ್ಚಿದೆ. ಹತ್ತು ಸಣ್ಣ ತಿರುಪು, ಎರಡು ಅಂಟು ಪಟ್ಟಿ, ಆಮೇಲೆ ಅಂಗೈಯಷ್ಟು ಕಪ್ಪು ಬೋರ್ಡು. ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದೆ. ಹಾಲು ಕೆನೆಗಟ್ಟಿ, ಹಳದಿ ಚಕ್ಕೆಯಾಗಿ, ಬೆಸುಗೆಗಳ ಸಂದಿಯಲ್ಲಿ ಹಸಿರು ಬೂಷ್ಟು ಎಬ್ಬಿಸಿದೆ. ಹಾಲಿನ ಜೊತೆ ಕರೆಂಟೂ ಹರಿದಿದ್ದರಿಂದ ತಾಮ್ರ ತಿಂದುಹೋಗಿದೆ.

ನಿನ್ನ ಮಗಳು ಪಕ್ಕದ ಸ್ಟೂಲಿನಲ್ಲಿ ಕೂತು ನೋಡಿದಳು. ನಾನೂ ಹೀಗೆಯೇ ಕಲಿತೆ, ನಿಮ್ಮ ಭಾವನವರು ರೇಡಿಯೋ ರಿಪೇರಿ ಮಾಡುವಾಗ ಬೆನ್ನ ಹಿಂದೆ ನಿಂತು. ಅವರು ಹೋಗಿ ಒಂಬತ್ತು ವರ್ಷ, ಅಂಗಡಿಗೆ ಕೊನೆಯ ರೇಡಿಯೋ ಬಂದು ಇಪ್ಪತ್ತು ವರ್ಷ. ಬೀದಿಯವರಿಗೆ ಮಾತ್ರ ನಾನಿನ್ನೂ ರೇಡಿಯೋ ಅಮ್ಮ.

ಚಾರ್ಜರ್ ಸಿಕ್ಕಿಸಿದೆ. ಕರೆಂಟು ಒಳಗೆ ಬಂದ ಹಾಗೆ ಮಾಡಿ ಬಾಗಿಲಲ್ಲೇ ನಿಂತಿತು. ಮೀಟರಿನಲ್ಲಿ ಅಳೆದರೆ ಬೋರ್ಡಿನ ಮುಖ್ಯ ಲೈನೇ ಶಾರ್ಟ್. ಎಲ್ಲಿಗೆ ಹೋಗಬೇಕಾದ ಕರೆಂಟೋ, ನೇರ ಗ್ರೌಂಡಿಗೆ ಸುರಿಯುತ್ತಿದೆ. ಆ ಲೈನಿನ ಮೇಲೆ ಎಳ್ಳುಕಾಳಿನಷ್ಟು ಕೆಪಾಸಿಟರ್‌ಗಳು ಎಪ್ಪತ್ತೋ ಎಂಬತ್ತೋ ಇವೆ. ಕೆಟ್ಟಿರುವುದು ಅದರಲ್ಲೊಂದು.

"ಅದೊಂದನ್ನ ಹೇಗೆ ಹುಡುಕ್ತೀರಾ?"

"ಅದೇ ಹೇಳುತ್ತೆ ಕಣೇ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ. ಆ ಲೈನಿಗೆ ಹೊರಗಿಂದ ಸ್ವಲ್ಪ ಕರೆಂಟು ಕೊಡೋದು, ಮೇಲೆ ಆಲ್ಕೋಹಾಲ್ ಸವರೋದು. ಶಾರ್ಟ್ ಆಗಿರೋದು ಬಿಸಿಯಾಗುತ್ತೆ. ಎಲ್ಲಿ ಮೊದಲು ಒಣಗುತ್ತೋ ಅದೇ."

"ಎಷ್ಟು ಕೊಡೋದು?"

"ಒಂದು ವೋಲ್ಟು. ಅದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚಿಗೆ ಇಲ್ಲ. ಹೆಚ್ಚು ಕೊಟ್ರೆ ಕೆಟ್ಟಿರೋದರ ಜೊತೆ ಒಳ್ಳೇದೂ ಸುಡುತ್ತೆ. ಆತುರದವರಿಗೆ ಈ ಕೆಲಸ ಅಲ್ಲ."

ಅವಳು ಅದನ್ನು ಬಾಯೊಳಗೇ ಇನ್ನೊಮ್ಮೆ ಹೇಳಿಕೊಂಡಳು, ಪಾಠ ಬಾಯಿಪಾಠ ಮಾಡುವ ಹಾಗೆ. ಮೊದಲು ತೊಳೆಯಬೇಕು. ಬ್ರಷ್ಷಿನಲ್ಲಿ ಉಜ್ಜಿಯೇ ಸಂಜೆಯಾಯಿತು.

ಮಾರ್ಚ್ ೯, ಶನಿವಾರ

ಹುಬ್ಬಿಗೆ ನಾಲ್ಕು ಹೊಲಿಗೆ ಬಿದ್ದಿದೆ. ಒಂದೇ ಕಣ್ಣಿನಲ್ಲಿ ಬರೆಯುತ್ತಿದ್ದೇನೆ, ಸಾಲು ಸೊಟ್ಟಗಾದರೆ ಕ್ಷಮಿಸು.

ಹನ್ನೊಂದು ಗಂಟೆಗೆ ಅಳಿಯಂದಿರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸೇಬಿನ ಚೀಲ. "ಹೇಗಿದ್ದೀರಾ ದೊಡ್ಡಮ್ಮ? ಸೊರಗಿದ್ದೀರಲ್ಲ!" ಎಂದರು. ಮಾತು ಕೇಳಿದರೆ ಬೆಲ್ಲ. ಇವಳು ಮೇಲೆ ಮಲಗಿದ್ದಳು. ಅವರು ಶಟರನ್ನು ಮುಕ್ಕಾಲು ಇಳಿಸಿ, "ಬಿಸಿಲು, ನಿಮ್ಮ ಕಣ್ಣಿಗೆ ಹೊಡೆಯುತ್ತೆ" ಎಂದರು.

"ಆ ಡಬ್ಬಾ ಕೊಟ್ಟುಬಿಡಿ ದೊಡ್ಡಮ್ಮ."

"ರಿಪೇರಿಗೆ ಕೊಟ್ಟವರಿಗೇ ವಾಪಸ್ ಕೊಡೋದಪ್ಪ. ಅದು ಈ ಅಂಗಡಿ ಪದ್ಧತಿ."

ಅವರು ನಗುತ್ತಲೇ ನನ್ನ ಜಡೆ ಹಿಡಿದರು. ಮುಖವನ್ನು ಬೆಂಚಿಗೆ ಕುಟ್ಟಿದರು. ಒಂದು ಸಲ ಮರಕ್ಕೆ, ಎರಡನೇ ಸಲ ಮೈಕ್ರೋಸ್ಕೋಪಿನ ಕಂಬಕ್ಕೆ. ರಕ್ತ ಕಣ್ಣಿಗಿಳಿದು ಎಲ್ಲ ಕೆಂಪಾಯಿತು. ಕಿವಿಯ ಹತ್ತಿರ ಬಾಯಿಟ್ಟು, ಮಗುವಿಗೆ ಲಾಲಿ ಹೇಳುವ ದನಿಯಲ್ಲಿ, "ನಿಮ್ಮಮ್ಮ ಸತ್ತೋದ್ಲು ಅಂತ ಮಗೂಗೆ ಹೇಳಿದ್ದೀನಿ. ನನ್ನ ಮಾತು ಸುಳ್ಳಾಗಬಾರದು ನೋಡಿ" ಎಂದರು.

ಪಕ್ಕದ ಬೀಗದ ಅಂಗಡಿಯವನು ಸುತ್ತಿಗೆಯಿಂದ ಶಟರ್ ಬಡಿದ. "ರೇಡಿಯೋ ಅಮ್ಮಾ, ಏನದು ಸದ್ದು?" ಅಳಿಯಂದಿರು ಬೆಂಚಿನ ಮೇಲಿದ್ದ ಲ್ಯಾಪ್‌ಟಾಪನ್ನು ಎತ್ತಿಕೊಂಡು, ಅವನಿಗೂ ನಮಸ್ಕಾರ ಹೇಳಿ ಹೊರಟರು.

ತಮಾಷೆ ಕೇಳು. ಅವರು ಹೊತ್ತುಕೊಂಡು ಹೋದದ್ದು ಬರೀ ಕವಚ, ಪರದೆ, ಕೀಲಿಮಣೆ. ಬೋರ್ಡು ಹಿಂದಿನ ಕೋಣೆಯಲ್ಲಿ, ಕೊಳೆ ಬಿಡಿಸುವ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಗುಂಯ್ ಎಂದು ಸ್ನಾನ ಮಾಡುತ್ತಿತ್ತು. ಹೆಣ ಹೊತ್ತರು, ಜೀವ ಬಿಟ್ಟರು. ಬೀಗದವನಿಗೆ ಹೇಳಿದರೆ, ನನ್ನ ಹುಬ್ಬಿಗೆ ಬಟ್ಟೆ ಒತ್ತಿಕೊಂಡೇ ನಕ್ಕ. ನಾನೂ ನಕ್ಕೆ. ಹೊಲಿಗೆ ಹಾಕುವ ಮೊದಲು ನಗುವುದೆಂದರೆ ಎಷ್ಟು ನೋವು!

ಮಾರ್ಚ್ ೧೧, ಸೋಮವಾರ

ದೂರು ಕೊಡಲು ಹೋದರೆ ಪೊಲೀಸಿನವನು "ಸಂಸಾರ ಅಂದ್ಮೇಲೆ ಇರುತ್ತೆ ಅಜ್ಜಿ" ಎಂದ. ಬರೆದುಕೊಂಡ. ಪೆನ್ನಿನಲ್ಲಿ ಮಸಿ ಇತ್ತೋ ಇಲ್ಲವೋ.

ಒಂದು ವೋಲ್ಟಿನಲ್ಲಿ ಮೊದಲ ಕಳ್ಳ ಸಿಕ್ಕಿಬಿದ್ದ. ಕಿತ್ತೆ. ಮುಖ್ಯ ಲೈನು ತೆರೆಯಿತು, ಚಾರ್ಜರ್ ಪೂರ್ತಿ ಇಪ್ಪತ್ತು ವೋಲ್ಟಿಗೆ ಏರಿತು. ಆದರೆ ಒಳಗಿನ ಐದು ವೋಲ್ಟಿನ ಲೈನೂ ಶಾರ್ಟ್. ಒಂದು ಗಂಟು ಬಿಚ್ಚಿದರೆ ಇನ್ನೊಂದು ಗಂಟು.

ಮಾರ್ಚ್ ೧೩, ಬುಧವಾರ

ಇವತ್ತು ಫೋನು ಬಂತು. ಕವಚ ಬಿಚ್ಚಿಸಿ ನೋಡಿದ್ದಾನೆ.

"ಖಾಲಿ ಡಬ್ಬಾ ಕೊಟ್ಟು ಆಟ ಆಡ್ತೀಯಾ, ಮುದುಕಿ? ಇರು, ಒಂದು ಹಾಡು ಕೇಳಿಸ್ತೀನಿ."

ಆಮೇಲೆ ಏಟಿನ ಸದ್ದು. ದೊಡ್ಡ ಕೈ, ಚಿಕ್ಕ ಮೈ. ಅದು ಬೇರೆಯೇ ಸದ್ದು ತಂಗೀ. ಮಗು ಉಸಿರು ಎಳೆದುಕೊಂಡದ್ದು ಕೇಳಿಸಿತು, ಅಳು ಕೇಳಿಸಲಿಲ್ಲ. ಮತ್ತೊಂದು ಏಟು. ನಿನ್ನ ಮಗಳು ನನ್ನ ಕೈಯಿಂದ ಫೋನು ಕಿತ್ತುಕೊಂಡು "ಹೊಡೀಬೇಡಿ, ನಿಮ್ಮ ಕಾಲು ಹಿಡೀತೀನಿ" ಎಂದು ನೆಲಕ್ಕೆ ಕುಸಿದಳು. ಅವನು ಇಟ್ಟುಬಿಟ್ಟ.

ನಾನು ಬೆಂಚಿಗೆ ಬಂದು ಕೂತೆ. ಬೋರ್ಡಿಗೆ ಎರಡು ದಿನದಿಂದ ಒಂದು ವೋಲ್ಟು ಕೊಟ್ಟು ಕೊಟ್ಟು ಕಾಯುತ್ತಿದ್ದೆ. ಏನೂ ಬಿಸಿಯಾಗಿರಲಿಲ್ಲ. ಎಷ್ಟು ಅಂತ ಕಾಯುವುದು? ಕರೆಂಟು ಕೊಡುವ ಪವರ್ ಸಪ್ಲೈ ಡಬ್ಬಿಯ ನಾಬು ಹಿಡಿದು ತಿರುಗಿಸಿದೆ. ಎರಡು. ಮೂರು. ಆಂಪಿಯರೂ ಏರಿಸಿದೆ. ಐದು. ಫಟ್ ಎಂದಿತು! ಕಿಡಿ ಹಾರಿ ಹೊಗೆ ಎದ್ದಿತು. ಸತ್ತಿತು ಎಂದುಕೊಂಡೆ. ಅಳೆದು ನೋಡಿದರೆ ಶಾರ್ಟ್ ಮಾಯ. ಸಿಡಿದದ್ದು ಕೆಟ್ಟ ಕೆಪಾಸಿಟರೇ.

ನೋಡಿದೆಯಾ, ಹೊಡೆತಕ್ಕೆ ಬಗ್ಗಿತು. ಮೂವತ್ತು ವರ್ಷ ಮೆಲ್ಲಗೆ ಮೆಲ್ಲಗೆ ಎಂದು ಕಾಲ ಕಳೆದೆ. ಇಂದು ಮೈಯೆಲ್ಲ ಹಗುರ. ಸೇಬೊಂದನ್ನು ತೊಳೆಯದೆ ಕಚ್ಚಿ ತಿಂದೆ.

ಮಾರ್ಚ್ ೧೪, ಗುರುವಾರ

ಗಿರಾಕಿಯೊಬ್ಬ ತನ್ನ ಚಾರ್ಜರ್ ಇನ್ನೂ ಆಗಿಲ್ಲವೆಂದು ಗೊಣಗಿದ. ಅದನ್ನು ಬೀದಿಗೆ ಎಸೆದೆ, "ಹೋಗಿ ಆರಿಸಿಕೋ" ಎಂದೆ. ಅವನ ಮುಖ ನೋಡಬೇಕಿತ್ತು ನೀನು.

ಬೀಗದವನು ಶಟರಿಗೆ ಒಳಗಿನಿಂದ ಹೊಸ ಚಿಲಕ ಕೂರಿಸುತ್ತಿದ್ದ. "ರೇಡಿಯೋ ಅಮ್ಮ ಈಗ ಲೌಡ್‌ಸ್ಪೀಕರ್ ಆಗಿದ್ದಾರೆ" ಎಂದ. ಅವನ ಸುತ್ತಿಗೆ ಕೇಳಿದೆ, ಇಟ್ಟುಕೊಳ್ಳುತ್ತೇನೆ ಎಂದು. ನಗು ನಿಲ್ಲಿಸಿ, "ಬೇಡಮ್ಮ, ಅದು ನನ್ನ ಅನ್ನ" ಎಂದು ಚೀಲಕ್ಕೆ ಹಾಕಿಕೊಂಡ.

ಮಾರ್ಚ್ ೧೬, ಶನಿವಾರ

ನಿನ್ನ ಮಗಳಿಗೆ ಬುದ್ಧಿ ಕಡಿಮೆ. ಬೆಳಿಗ್ಗೆ ಚೀಲ ಹಿಡಿದು ಮೆಟ್ಟಿಲಿಳಿದು ಬಂದಳು.

"ಎಲ್ಲಿಗೆ?"

"ವಾಪಸ್ ಹೋಗ್ತೀನಿ. ನಾನು ಅಲ್ಲಿದ್ರೆ ಏಟು ನನಗೆ ಬೀಳುತ್ತೆ, ಮಗೂಗೆ ಬೀಳಲ್ಲ."

"ಬೋರ್ಡು ಇನ್ನೇನು ಏಳುತ್ತೆ ಕಣೇ. ಆರು ದಿನ ತಡಿ."

"ಆರು ದಿನ ಅಂದ್ರೆ ಎಷ್ಟು ಏಟು, ದೊಡ್ಡಮ್ಮ? ಲೆಕ್ಕ ಹಾಕಿದ್ದೀರಾ?"

ಬಾಗಿಲಿಗೆ ಅಡ್ಡ ನಿಂತೆ. ಪಕ್ಕಕ್ಕೆ ಸರಿಸಲು ಬಂದಳು. ಕೆನ್ನೆಗೆ ಕೊಟ್ಟೆ. ಒಂದೇ ಏಟು. ಬ್ಯಾಂಡೇಜಿನ ಕಡೆ ತಗಲದ ಹಾಗೆ ನೋಡಿಕೊಂಡೇ ಕೊಟ್ಟೆ. ತುಟಿ ಹಲ್ಲಿಗೆ ಸಿಕ್ಕಿ ಸ್ವಲ್ಪ ರಕ್ತ ಬಂತು, ಅಷ್ಟೇ. ಅವಳ ಒಳ್ಳೆಯದಕ್ಕೇ ತಾನೇ? ಹೋಗಿದ್ದರೆ ಏನಾಗುತ್ತಿತ್ತು? ಉಳಿದಳಲ್ಲ!

ಚೀಲ ಕೆಳಗಿಟ್ಟು ತುಟಿ ಒರೆಸಿಕೊಂಡಳು. ಆಮೇಲೆ ಒಂದೇ ಮಾತು: "ನಿಮ್ಮ ಎಡಗಿವಿ ಯಾಕೆ ಕೇಳಿಸಲ್ಲ ಅಂತ ಅಮ್ಮ ನನಗೆ ಹೇಳಿದ್ದಳು."

ಯಾಕೆ ಹೇಳಿದೆ ತಂಗೀ? ನಿಮ್ಮ ಭಾವ ಆ ದಿನ ಹೊಡೆದದ್ದು ನಿನಗೊಬ್ಬಳಿಗೇ ಬರೆದಿದ್ದೆ. ಜಾರಿ ಬಿದ್ದೆ ಎಂದು ಊರಿಗೆಲ್ಲ ಹೇಳಿರಲಿಲ್ಲವೇ ನಾನು? ಇದಕ್ಕೂ ಅದಕ್ಕೂ ಏನು ಸಂಬಂಧ?

ಮಾರ್ಚ್ ೧೮, ಸೋಮವಾರ

ಬಂದ. ಈ ಸಲ ಸೇಬಿಲ್ಲ, ಕಬ್ಬಿಣದ ರಾಡು.

ಗಾಜಿನ ಕಪಾಟು ಮೊದಲು ಹೋಯಿತು. ಆಮೇಲೆ ಮೀಟರು, ದೀಪ, ಗೋಡೆಯ ಗಡಿಯಾರ. ಅಡ್ಡ ಬಂದ ಬೀಗದವನ ಮುಂಗೈಗೆ ಬೀಸಿದ. ಮೂಳೆ ಮುರಿದದ್ದು ಕಡ್ಡಿ ಮುರಿದಷ್ಟು ಸಲೀಸಾಗಿ ಕೇಳಿಸಿತು. ನಿನ್ನ ಮಗಳು ಬೋರ್ಡನ್ನು ಎದೆಗೆ ಅವಚಿಕೊಂಡು ಬೆಂಚಿನ ಕೆಳಗೆ ತೂರಿದ್ದಳು. ಅವನು ಬಗ್ಗಿ ಅವಳ ಕೂದಲಿಗೆ ಕೈ ಹಾಕಿದ. ಇನ್ನೊಂದು ಕೈ, ರಾಡಿನದು, ಬೆಂಚಿನ ಅಂಚಿನ ಮೇಲೆ ಊರಿತ್ತು. ಬೆಸುಗೆ ಹಾಕುವ ನನ್ನ ಸೋಲ್ಡರಿಂಗ್ ಐರನ್ ಸ್ಟ್ಯಾಂಡಿನಲ್ಲಿ ಕಾದು ಕೂತಿತ್ತು, ಮುನ್ನೂರ ಎಂಬತ್ತು ಡಿಗ್ರಿ.

ತೆಗೆದು ಅವನ ಮುಂಗೈ ಮೇಲೆ ಇಟ್ಟೆ. ಇಟ್ಟೆ ಎಂದರೆ ಒತ್ತಿದೆ. ಎರಡೂ ಕೈಯಲ್ಲಿ.

ಚುಂಯ್ ಎಂದಿತು. ರಾಡು ಬಿತ್ತು. ಅವನು ಅರಚಿದ ಅರಚಾಟ ನನ್ನ ಎಡಗಿವಿಗೂ ಕೇಳಿಸಿತೇನೋ! ಅವಳ ಕೂದಲು ಬಿಟ್ಟ. ಮಂಡಿಯೂರಿದ. "ಬಿಡಿ ದೊಡ್ಡಮ್ಮ, ಬಿಡಿ" ಎಂದ. ಮತ್ತೆ ದೊಡ್ಡಮ್ಮ ಆದೆ! ನಾನು ಒಂದು, ಎರಡು ಎಂದು ಎಣಿಸುತ್ತಿದ್ದೆ. ಏಳರವರೆಗೆ ಬಂದದ್ದು ನೆನಪಿದೆ. ಇವಳು ಬೆಂಚಿನ ಕೆಳಗಿನಿಂದ ಎದ್ದು ನನ್ನ ಸೊಂಟ ಹಿಡಿದು ಎಳೆದಳು. "ಸಾಕು! ಬಿಟ್ಟನಲ್ಲ ಅವನು! ಸಾಕು!" ಎಂದು ನನ್ನನ್ನೇ ಬೈದಳು. ನೋಡು ಮತ್ತೆ, ಉಪಕಾರದ ಸ್ಮರಣೆ ಎಂಬುದು ಈಗಿನವರಿಗಿಲ್ಲ.

ಅವನು ಕೈ ಅವಚಿಕೊಂಡು ಓಡಿದ. ಸುಟ್ಟ ಚರ್ಮ ಐರನ್ನಿನ ತುದಿಗೆ ಕರಿ ಕಟ್ಟಿತ್ತು. ಕೆರೆದು ಸ್ವಚ್ಛ ಮಾಡಿಟ್ಟೆ. ಸಂಜೆ ಊಟ ರುಚಿಯಾಗಿತ್ತು.

ಮಾರ್ಚ್ ೨೦, ಬುಧವಾರ

ಎದ್ದಿತು. ಆದರೆ ಹೇಗೆ ಎದ್ದಿತೆಂದು ಬರೆಯುವಾಗ ಸ್ವಲ್ಪ ಸಿಟ್ಟು ಬರುತ್ತದೆ.

ಬೋರ್ಡು ಆನ್ ಆಗುತ್ತಿತ್ತು, ನಾಲ್ಕು ಸೆಕೆಂಡಿಗೆ ಆರುತ್ತಿತ್ತು. ಬೀಗದವನು ಮುರಿದ ಕೈ ಕಟ್ಟಿಕೊಂಡೇ ಯಾರದೋ ಹಳೆಯ ಮೀಟರು ತಂದುಕೊಟ್ಟಿದ್ದ. ಅಳೆದೆ. ಫೈಲು ಕೂರುವ ಚಿಪ್‌ಗಳಿಗೆ ಹೋಗುವ ಲೈನೇ ಅರೆ ಶಾರ್ಟ್. ಸರಿ, ನನಗೀಗ ಮದ್ದು ಗೊತ್ತಿತ್ತಲ್ಲ. ನಾಬು ಹಿಡಿದು ಏರಿಸಲು ಹೋದೆ. ಇವಳು ನನ್ನ ಮಣಿಕಟ್ಟು ಹಿಡಿದಳು.

"ಒಂದು ವೋಲ್ಟು ಅಂದಿದ್ರಿ."

"ಅವತ್ತು ಐದು ಕೊಟ್ಟೇ ಸರಿಹೋಯ್ತು ಕಣೇ."

"ಅವತ್ತಿಂದು ಬೇರೆ ಲೈನು. ಇದು ಚಿಪ್ ಲೈನು. ಐದು ಕೊಟ್ರೆ ಒಳಗಿರೋದೆಲ್ಲ ಹೋಗುತ್ತೆ. ಕೈ ತೆಗೀರಿ."

"ಯಾರಿಗೆ ಪಾಠ ಹೇಳ್ತಿದ್ದೀಯ?"

"ಹೊಡೀತೀರಾ? ಹೊಡೆದ್ಬಿಡಿ. ಆಮೇಲೆ ಪಕ್ಕಕ್ಕೆ ಸರೀರಿ."

ಸರಿದೆ. ಹುಬ್ಬಿನ ಹೊಲಿಗೆ ಎಳೆಯುತ್ತಿತ್ತು, ಅದಕ್ಕೆ. ಅವಳು ನಾಬನ್ನು ಒಂದಕ್ಕೆ ಇಳಿಸಿದಳು. ಆಲ್ಕೋಹಾಲ್ ಸವರಿ ಕಾದಳು. ಒಣಗಿತು, ಮತ್ತೆ ಸವರಿದಳು. ಹೀಗೇ ಎಷ್ಟು ಸಲವೋ. ನಾನಾಗಿದ್ದರೆ ಬೋರ್ಡನ್ನೇ ಗೋಡೆಗೆ ಎಸೆಯುತ್ತಿದ್ದೆ. ಕೊನೆಗೆ "ಇಲ್ಲಿ" ಎಂದಳು. ಒಂದು ಕೆಪಾಸಿಟರಿನ ಸುತ್ತ ಸಾಸಿವೆಯಷ್ಟು ಜಾಗ ಮಾತ್ರ ಪ್ರತಿ ಸಲ ಮೊದಲು ಒಣಗುತ್ತಿತ್ತು. ಕಿತ್ತು ನೋಡಿದರೆ ಅಡಿಯಲ್ಲಿ ಒಣಗಿದ ಹಾಲಿನ ಒಂದು ಚೂರು.

ಹೊರಗಿನ ಪರದೆ ಜೋಡಿಸಿ ಆನ್ ಮಾಡಿದೆವು. ನಾಲ್ಕು ಸೆಕೆಂಡು ದಾಟಿತು. ಹತ್ತು ದಾಟಿತು. ಬೆಳಕು ಬಂತು. ಮೂರೂ ವಿಡಿಯೋಗಳನ್ನು ಇಳಿಸಿಕೊಂಡೆವು.

ಮೂರನೆಯದನ್ನು ನಾನು ಪೂರ್ತಿ ನೋಡಿದೆ. ಅವಳು ನೋಡಲಿಲ್ಲ. ಮಗುವನ್ನು ಕುರ್ಚಿಯ ಮೇಲೆ ಕೂರಿಸಿದ್ದಾನೆ. "ನೋಡು ಪುಟ್ಟ, ತಪ್ಪು ಮಾಡಿದ್ರೆ ಏನಾಗುತ್ತೆ ನೋಡು" ಎನ್ನುತ್ತಾನೆ. ಇವಳ ತಲೆಯನ್ನು ಕಪಾಟಿಗೆ ಬಡಿಯುತ್ತಾನೆ. ಮಗು ಕಣ್ಣು ಮುಚ್ಚಿದರೆ ನಿಲ್ಲಿಸುತ್ತಾನೆ. ಕಣ್ಣು ತೆರೆಯುವವರೆಗೆ ಕಾದು ಮತ್ತೆ ಬಡಿಯುತ್ತಾನೆ. ಏಳಕ್ಕೇ ಐರನ್ ತೆಗೆದೆನಲ್ಲ ಎಂದು ಹೊಟ್ಟೆ ಉರಿಯಿತು.

ಮಾರ್ಚ್ ೨೨, ಶುಕ್ರವಾರ

ಮಗು ಇವಳಿಗೆ ಸಿಕ್ಕಿತು. ಮೊದಲು ಅದನ್ನು ಬರೆದುಬಿಡುತ್ತೇನೆ.

ಅವನ ವಕೀಲ ಸುಟ್ಟ ಕೈಯ ಫೋಟೋ ಎತ್ತಿ ಹಿಡಿದ. "ಮಗು ಹೋಗಬೇಕಾದ ಮನೆ ಇಂಥದ್ದು, ಇಂಥ ಅಜ್ಜಿಯದ್ದು" ಎಂದ. ನನಗೆ ನಗು ಬಂತು. ಆಮೇಲೆ ವಿಡಿಯೋ ಹಾಕಿದರು. ನ್ಯಾಯಾಧೀಶೆ ನನ್ನ ವಯಸ್ಸಿನವರೇ. ಮೂರನೆಯದರ ಅರ್ಧಕ್ಕೆ "ಸಾಕು" ಎಂದು ಕನ್ನಡಕ ತೆಗೆದರು. ಅವನನ್ನು ಅಲ್ಲಿಂದಲೇ ಪೊಲೀಸರು ಕರೆದುಕೊಂಡು ಹೋದರು.

ಅದಾದ ಮೇಲೆ ನ್ಯಾಯಾಧೀಶೆ ಇವಳನ್ನು ಕೇಳಿದರು, "ಮಗೂನ ಕರ್ಕೊಂಡು ಎಲ್ಲಿ ಇರ್ತೀರಾ?"

ಮೇಲಿನ ಕೋಣೆಯಲ್ಲಿ ಚಿಕ್ಕ ಮಂಚ ಹಾಕಿಸಿದ್ದೇನೆ, ಕಿಟಕಿಯ ಪಕ್ಕ. ಹೊಸ ಹೊದಿಕೆ, ಹಳದಿ ಬಣ್ಣದ್ದು. ನಾನು ಎದ್ದು ನಿಂತು ಹೇಳಲೆಂದು ಬಾಯಿ ತೆರೆದೆ.

"ಶಾಲೆ ಹತ್ತಿರ ಒಂದು ಕೋಣೆ ನೋಡಿದ್ದೀನಿ ಮೇಡಂ. ನಾನು, ಮಗು. ಇಬ್ಬರೇ."

"ನಿಮ್ಮ ದೊಡ್ಡಮ್ಮನ ಮನೆ ಇದೆಯಲ್ಲ?"

ಅವಳು ತಿರುಗಿ ನನ್ನ ಕಡೆ ನೋಡಲಿಲ್ಲ. "ಅವರು ನನ್ನನ್ನ ಉಳಿಸಿದ್ರು" ಎಂದಳು. ಆಮೇಲೆ, "ಅಲ್ಲಿ ಬೇಡ" ಎಂದಳು.

ನ್ಯಾಯಾಧೀಶೆ ಬರೆದುಕೊಂಡರು. ಅವರ ಪೆನ್ನಿನಲ್ಲಿ ಮಸಿ ಇತ್ತು.

ನಾನೇನು ಮಾಡಿದೆ ತಂಗೀ? ಹುಬ್ಬು ಸೀಳಿಸಿಕೊಂಡವಳು ನಾನು. ಅಂಗಡಿ ಕಳೆದುಕೊಂಡವಳು ನಾನು. ಒಂದೇ ಒಂದು ಏಟು!

ಮಾರ್ಚ್ ೨೩

ಮಂಚ ಹಾಗೇ ಇದೆ.

ಮಾರ್ಚ್ ೩೧, ಭಾನುವಾರ

ಒಂದು ವಾರ ಬರೆಯಲಿಲ್ಲ. ಇಂದು ಅವಳೇ ಫೋನು ಮಾಡಿ "ಬನ್ನಿ, ಮಗೂನ ನೋಡಿ ಹೋಗಿ" ಎಂದಳು. ಹೋದೆ. ಮೂರನೇ ಮಹಡಿ. ಒಂದೇ ಕೋಣೆ, ಒಂದು ಚಾಪೆ, ಒಂದು ಕುರ್ಚಿ, ಹಗ್ಗದ ಮೇಲೆ ಪುಟ್ಟ ಬಟ್ಟೆಗಳು. ಬಾಗಿಲಲ್ಲೇ ಅವಳು ಮೆಲ್ಲಗೆ, "ಮಗು ಮುಂದೆ ದನಿ ಎತ್ತಬೇಡಿ ದೊಡ್ಡಮ್ಮ" ಎಂದಳು. ಆಗಲಿ ಎಂದೆ.

ಕುರ್ಚಿ ನನಗೆ ಬಿಟ್ಟುಕೊಟ್ಟು ಚಹಾ ಕೊಟ್ಟಳು. ಅವಳ ತುಟಿಯ ಗಾಯ ಮಾಯ್ದಿದೆ, ತೋಳಿನದು ಇನ್ನೂ ಇಲ್ಲ. ಮಗು ಬಟ್ಟೆಗಳ ಹಿಂದೆ ನಿಂತಿತ್ತು, ಕಾಲು ಮಾತ್ರ ಕಾಣುತ್ತಿತ್ತು. ನಿನ್ನ ಹಾಗೆಯೇ ಉದ್ದ ಬೆರಳಿನ ಕಾಲು.

"ಅಮ್ಮಾ" ಎಂದಿತು, "ಇವರು ಹೊಡೀತಾರಾ?"

ಅವಳು ಸ್ಟವ್ ಆರಿಸಿ, ನನ್ನ ಕಡೆ ತಿರುಗಿ ನಿಂತಳು. "ನೀವೇ ಹೇಳಿ" ಎಂದಳು.

ಅರವತ್ತಾರು ವರ್ಷಕ್ಕೆ ಇಂಥ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. "ಇಲ್ಲ, ಮರಿ" ಎಂದೆ.

ಬಟ್ಟೆ ಸರಿಸಿ ಒಂದು ಕಣ್ಣು ಹೊರಗೆ ಬಂತು. ಅದು ನನ್ನ ಮುಖ ನೋಡಲಿಲ್ಲ, ಕೈ ನೋಡಿತು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ಅವುಗಳ ಮೇಲೆ ಕೂತೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಮಗು ಒಂದು ಹೆಜ್ಜೆ ಮುಂದೆ ಬಂತು. ನಿಂತು ನೋಡಿತು. ಆಮೇಲೆ ಇನ್ನೊಂದು ಹೆಜ್ಜೆ.

ಚಹಾ ಎದುರಿಗೇ ಆರಿಹೋಯಿತು. ಹೊರಡುವವರೆಗೂ ಕೈ ತೆಗೆಯಲಿಲ್ಲ.